ಬ್ಲಾಕಿನ ಮೇಲೆ ಭಾರ ಬೀಳಬಾರದು

ಅಮೆರಿಕದ ಒಹಾಯೊ ರಾಜ್ಯದ ಡಿಫೈಯನ್ಸ್ ಕೌಂಟಿಯಲ್ಲಿ ಬೋಮನ್ ರೋಡ್ ಸೇತುವೆ ಇದೆ. 2005ರಲ್ಲಿ ಕಟ್ಟಿದ್ದು, ಸ್ಪ್ಯಾನ್ (ದಡದಿಂದ ದಡಕ್ಕೆ ಆಧಾರಗಳ ನಡುವಿನ ಉದ್ದ) ಸುಮಾರು 25 ಮೀಟರ್. ಅದಕ್ಕೆ ಪೈಲ್ (ನೆಲದಾಳಕ್ಕೆ ಇಳಿಸುವ ಕಂಬ) ಇಲ್ಲ, ಬೀಮ್ ಕೆಳಗೆ ಇಡುವ ಬೇರಿಂಗ್ ದಿಂಬು ಇಲ್ಲ, ರಸ್ತೆ ಸೇತುವೆಗೆ ಸೇರುವಲ್ಲಿ ಹಾಕುವ ಕಾಂಕ್ರೀಟ್ ಹಾಸು, ಅಂದರೆ ಅಪ್ರೋಚ್ ಸ್ಲ್ಯಾಬೂ ಇಲ್ಲ. ಒಂದು ಪದರ ಜಲ್ಲಿ, ಮೇಲೊಂದು ಜಿಯೋಟೆಕ್ಸ್‌ಟೈಲ್ (ಮಣ್ಣು, ಜಲ್ಲಿ ಹಿಡಿದಿಡುವ ಗಟ್ಟಿ ಕೃತಕ ನೂಲಿನ) ಬಟ್ಟೆ, ಮತ್ತೆ ಜಲ್ಲಿ. ಹೀಗೆ ಕಟ್ಟಿದ ದಿಬ್ಬದ ಮೇಲೆಯೇ ಬೀಮ್‌ಗಳು (ಸೇತುವೆಯ ತೊಲೆಗಳು) ಕೂತಿವೆ. ಸೇತುವೆ ಕಟ್ಟುವ ಈ ವಿಧಾನಕ್ಕೆ ಜಿಆರ್‌ಎಸ್-ಐಬಿಎಸ್ ಎನ್ನುತ್ತಾರೆ.

ಹೊರಗಿನಿಂದ ಕಾಣುವುದು ಎಂಟಿಂಚಿನ ಕಾಂಕ್ರೀಟ್ ಬ್ಲಾಕಿನ ಗೋಡೆ. ಆದರೆ ಅದು ಹೊರುವ ಗೋಡೆಯಲ್ಲ. ಜಲ್ಲಿ ಹರಡುವಾಗ ಅಂಚು ಹಿಡಿಯಲು, ಆಮೇಲೆ ಮಳೆಬಿಸಿಲಿನಿಂದ ಕಾಯಲು ಇಟ್ಟ ಮುಸುಕು, ಅಷ್ಟೆ. ಬ್ಲಾಕುಗಳ ನಡುವೆ ಗಾರೆಯೂ ಇಲ್ಲ. ಮೇಲಿನ ಮೂರು ವರಸೆಗೆ (ಬ್ಲಾಕಿನ ಸಾಲಿಗೆ) ಮಾತ್ರ ಸರಳು ಇಳಿಸಿ ಕಾಂಕ್ರೀಟ್ ತುಂಬುತ್ತಾರೆ.

ಭಾರ ಹೊರುವುದು ಒತ್ತೊತ್ತಾದ ಪದರಗಳು. ಪ್ರತಿ ವರಸೆಗೊಂದು ಬಟ್ಟೆ, ಅಂದರೆ ಸುಮಾರು 200 ಮಿ.ಮೀ.ಗೊಂದು, 300 ಮೀರುವಂತಿಲ್ಲ. ಬೀಮ್ ಕೂರುವ ಜಾಗದ ಕೆಳಗೆ ಕನಿಷ್ಠ ಐದು ಪದರ 100 ಮಿ.ಮೀ. ಅಂತರದಲ್ಲಿ. ಬಟ್ಟೆಯ ಬಲ ಮೀಟರಿಗೆ 70 ಕಿಲೋನ್ಯೂಟನ್‌ಗೆ ಕಡಿಮೆ ಇರಬಾರದು. "ಎರಡರಷ್ಟು ಬಲದ ಬಟ್ಟೆ ಹಾಕಿ ಅಂತರ ಎರಡರಷ್ಟು ಮಾಡೋಣ" ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಜಲ್ಲಿ ಪಕ್ಕಕ್ಕೆ ಸರಿಯದಂತೆ ಹಿಡಿಯುವುದರಲ್ಲಿ ಬಲಕ್ಕಿಂತ ಅಂತರದ್ದೇ ದೊಡ್ಡ ಪಾಲು. ನಮ್ಮ ಫ್ಲೈಓವರ್‌ಗಳ ಆರ್‌ಇ ವಾಲ್ (ಮಣ್ಣಿನೊಳಗೆ ಪಟ್ಟಿ ಹುದುಗಿಸಿ ಹಿಡಿದಿಟ್ಟ ಗೋಡೆ) ಬೇರೆ ಜಾತಿ: ಅಲ್ಲಿ ಪಟ್ಟಿಗಳ ಅಂತರ ಹೆಚ್ಚು, ಡೆಕ್ (ಸೇತುವೆಯ ಮೇಲ್ಹಾಸು) ಭಾರ ಸಾಮಾನ್ಯವಾಗಿ ಬೇರೆ ಕಂಬಗಳ ಮೇಲೆ.

ಕೆಲಸದಲ್ಲಿ ಮೊದಲ ವರಸೆಯೇ ನಿರ್ಣಾಯಕ. ಅಲ್ಲಿ ರಸಮಟ್ಟ ತಪ್ಪಿದರೆ ಮೇಲೆ ಹೋದಂತೆ ತಪ್ಪು ಬೆಳೆಯುತ್ತದೆ, ಗಾರೆಯಿಲ್ಲದ್ದರಿಂದ ಮುಚ್ಚಿಡಲೂ ಆಗದು. ಜಲ್ಲಿಯನ್ನು ಗೋಡೆ ಕಡೆಯಿಂದ ಹಿಂದಕ್ಕೆ ತಳ್ಳುತ್ತ ಹರಡಬೇಕು. ಬಟ್ಟೆಯ ಸುಕ್ಕು ಹಿಂದಕ್ಕೆ ಹೋಗಿ ಬಿಡಿಸಿಕೊಳ್ಳುತ್ತದೆ. ಗೋಡೆಯಿಂದ ಒಂದು ಮೀಟರ್ ಒಳಗೆ ದೊಡ್ಡ ರೋಲರ್ ಬೇಡ, ಪ್ಲೇಟ್ ಕಂಪ್ಯಾಕ್ಟರ್ (ಕೈಯಲ್ಲಿ ನಡೆಸುವ ಸಣ್ಣ ದಮ್ಮಸ್ಸು ಯಂತ್ರ) ಸಾಕು. ರೋಲರ್ ಹತ್ತಿರ ಬಂದರೆ ಬ್ಲಾಕ್ ಹೊರಕ್ಕೆ ಸರಿಯುತ್ತದೆ. ಹಾಗೆಂದು ಅಂಚಿನಲ್ಲಿ ದಮ್ಮಸ್ಸನ್ನೇ ಬಿಟ್ಟರೆ ಕುಸಿತ ಶುರುವಾಗುವುದೂ ಅಲ್ಲೇ. ಮುಂದಿನ ವರಸೆ ಇಡುವ ಮುನ್ನ ಬ್ಲಾಕಿನ ತಲೆ ಗುಡಿಸಲೇಬೇಕು. ಒಂದು ಜಲ್ಲಿಕಲ್ಲು ಸಿಕ್ಕಿಕೊಂಡರೂ ಮೇಲಿನ ಬ್ಲಾಕ್ ಕುಂಟುತ್ತದೆ, ಅದರ ಮೇಲಿನ ವರಸೆಗಳ ಭಾರ ಬಿದ್ದಾಗ ಸೀಳುತ್ತದೆ.

ಬೀಮ್ ತಳಕ್ಕೂ ಗೋಡೆಯ ತಲೆಗೂ ನಡುವೆ 75 ಮಿ.ಮೀ. ಅಥವಾ ಗೋಡೆಯ ಎತ್ತರದ ಶೇ. 2, ಯಾವುದು ಹೆಚ್ಚೋ ಅಷ್ಟು ಸಂದು ಬಿಡಬೇಕು. ಐದು ಮೀಟರ್ ಎತ್ತರಕ್ಕೆ ಅದು 100 ಮಿ.ಮೀ. ಆಗುತ್ತದೆ. ದಿಬ್ಬ ತನ್ನ ಎತ್ತರದ ಶೇ. 0.5ರವರೆಗೆ, ಅಂದರೆ 25 ಮಿ.ಮೀ. ತಗ್ಗಬಹುದು ಎಂದು ಲೆಕ್ಕ ಹಾಕಿರುತ್ತಾರೆ. ಆಗ ಬೀಮ್ ಬ್ಲಾಕಿಗೆ ತಾಗಬಾರದು. ಆ ಸಂದಿನಲ್ಲಿ ಇರುವುದು ಫೋಮ್ ಹಲಗೆ. ನೋಡಲು ಚಂದವಿಲ್ಲ ಎಂದು ಯಾರಾದರೂ ಗಾರೆ ಮೆತ್ತಿದರೆ ಭಾರವೆಲ್ಲ ಬ್ಲಾಕಿನ ತಲೆಗೆ ಬರುತ್ತದೆ.

ಬೀಮ್‌ನ ಹಿಂದೆಯೂ ಜಲ್ಲಿಯನ್ನು ಬಟ್ಟೆಯಲ್ಲಿ ಸುತ್ತಿ ಸುತ್ತಿ ರಸ್ತೆ ಮಟ್ಟಕ್ಕೆ ತರುತ್ತಾರೆ. ಸೇತುವೆ, ರಸ್ತೆ ಎರಡೂ ಒಟ್ಟಿಗೆ ತಗ್ಗುವುದರಿಂದ, ಸೇತುವೆ ಹತ್ತುವಾಗ ಗಾಡಿ ದಡಕ್ಕೆನ್ನುವ ಏಟು ಬಹುಮಟ್ಟಿಗೆ ಇರುವುದಿಲ್ಲ. ಇದರ ದೊಡ್ಡ ಲಾಭ ನನ್ನ ಪ್ರಕಾರ ಇದೇ, ಖರ್ಚಿನ ಉಳಿತಾಯವಲ್ಲ.

ಹೆದರಬೇಕಾದ್ದು ನೀರಿಗೆ. ಬುಡದಲ್ಲಿ, ದಿಬ್ಬದ ಅಗಲದ ಕಾಲು ಭಾಗದಷ್ಟು ಆಳಕ್ಕೆ, ಬಟ್ಟೆ ಸುತ್ತಿದ ಜಲ್ಲಿಯ ತಳಪಾಯವಿರುತ್ತದೆ. ಹೊಳೆ ಕೊರೆಯುವ ಆಳಕ್ಕಿಂತ ಅದು ಕೆಳಗಿರಬೇಕು, ಮುಂದೆ ದಪ್ಪ ಕಲ್ಲಿನ ರಕ್ಷಣೆ ಬೇಕು. ಪ್ರವಾಹದಲ್ಲಿ ಕಲ್ಲು ಸರಿದು ಕೆಳಗಿನ ವರಸೆ ಬಯಲಾದರೆ, ಬ್ಲಾಕ್ ಬಿದ್ದದ್ದಕ್ಕಿಂತ ಅದರ ಹಿಂದಿನ ಜಲ್ಲಿ ಎಷ್ಟು ಸೋರಿದೆ ಎಂಬುದನ್ನು ಮೊದಲು ನೋಡಬೇಕು. ಮಳೆಗಾಲದಲ್ಲಿ ದಂಡೆ ಕೊರೆದು ಜಾಗ ಬದಲಿಸುವ ಹೊಳೆಗೆ ಈ ವಿಧಾನ ಆರಿಸದಿರುವುದೇ ಸರಿ.