ಮಂಗಗಳಲ್ಲೂ ಎಡಚ ಅಂತ ಇರುತ್ತಾ?

ಮೂಡಿಗೆರೆ ಕಡೆಯ ನಮ್ಮ ಕಾಫಿ ತೋಟಕ್ಕೆ ಬಂದವರು, ನಾನು ಮಂಗ ನೋಡುತ್ತ ಕೂರುವವನು ಎಂದು ಗೊತ್ತಾದ ಕೂಡಲೇ ಇದನ್ನು ಕೇಳುತ್ತಾರೆ.

ಇರುತ್ತೆ. ಆದರೆ ನಮ್ಮ ಹಾಗಲ್ಲ. ಮನುಷ್ಯರಲ್ಲಿ ನೂರಕ್ಕೆ ಸುಮಾರು 90 ಮಂದಿ ಬಲಗೈಯವರು. ಮಂಗಗಳಲ್ಲಿ ಒಂದೊಂದಕ್ಕೂ ಅದರದೇ ರೂಢಿಯ ಕೈ. ಇಡೀ ಹಿಂಡು ಒಂದೇ ಕಡೆ ವಾಲುವುದು ಕಡಿಮೆ.

ನೆಲದಲ್ಲಿ ಬಿದ್ದ ಕಾಳು ಹೆಕ್ಕುವುದನ್ನು ನೋಡಿ ತೀರ್ಮಾನಿಸಿದರೆ ತಪ್ಪಾಗುತ್ತದೆ. ಅಲ್ಲಿ ಯಾವ ಕೈ ಹತ್ತಿರವೋ ಅದೇ ಮುಂದೆ ಬರುತ್ತದೆ. ಕೆಲಸ ತೊಡಕಾದಷ್ಟೂ ಕೈಯ ಒಲವು ಗಟ್ಟಿಯಾಗಿ ಕಾಣುತ್ತದೆ ಎಂದು ಸಂಶೋಧಕರಾದ ಫಾಗೊ ಮತ್ತು ವೊಕ್ಲೇರ್ 1991ರಲ್ಲೇ ವಾದಿಸಿದ್ದರು. ಪರೀಕ್ಷೆ ಮಾಡುವವರು ಕೊಳವೆಯೊಳಗೆ ಕಡಲೆಕಾಯಿ ಬೆಣ್ಣೆ ಮೆತ್ತಿ ಕೊಡುವುದು ಇದಕ್ಕೇ: ಒಂದು ಕೈ ಕೊಳವೆ ಹಿಡಿಯಲೇಬೇಕು, ಇನ್ನೊಂದರ ಬೆರಳು ಒಳಗೆ ಹೋಗಲೇಬೇಕು.

ನಮ್ಮಲ್ಲಿ ಆ ಕೊಳವೆಯ ಬದಲು ಕಿತ್ತಳೆ ಇದೆ. ಕಿವಿ ಹರಿದ ಹೆಣ್ಣೊಂದು ಕಾಳುಮೆಣಸಿನ ಬಳ್ಳಿಯ ಬುಡದಲ್ಲಿ ಕೂತು, ಬಲಗೈಯಲ್ಲಿ ಹಣ್ಣು ಒತ್ತಿ ಹಿಡಿದು ಎಡಗೈಯಲ್ಲೇ ಸಿಪ್ಪೆ ಸುಲಿಯುತ್ತದೆ. ಎರಡು ಹಂಗಾಮು ನೋಡಿದ್ದೇನೆ, ಕೈ ಬದಲಾಗಿದ್ದು ಅಪರೂಪ. ಅದರ ಮರಿಗೆ ಇನ್ನೂ ಅಂಥ ಗಟ್ಟಿ ರೂಢಿ ಇಲ್ಲ; ಒಮ್ಮೆ ಈ ಕೈ, ಒಮ್ಮೆ ಆ ಕೈ. ವಯಸ್ಸು ಮತ್ತು ಅಭ್ಯಾಸ ಕೈಯನ್ನು ಪಳಗಿಸುತ್ತವೆ.

ಹಾಗಾದರೆ ಎಡಗೈ ಜಾಣ, ಬಲಗೈ ಸುಮ್ಮನೆ ಸಹಾಯಕ್ಕೆ ಅನ್ನೋಣವೇ? ನನಗೆ ಹಾಗನಿಸುವುದಿಲ್ಲ. ಮೈಸೂರು ವಿಶ್ವವಿದ್ಯಾಲಯದ ಮೇವಾ ಸಿಂಗ್ ಮತ್ತು ಸಂಗಡಿಗರು ನಮ್ಮ ಈ ಮಂಗಗಳನ್ನೇ ಬಯಲಲ್ಲಿ ನೋಡಿ 2014ರಲ್ಲಿ ಬರೆದದ್ದು ನನಗೆ ಬಹಳ ಒಪ್ಪಿತವಾಯಿತು: ಎರಡು ಕೈಗಳೂ ಕೆಲಸ ಹಂಚಿಕೊಂಡಿವೆ. ಒಂದು ನಾಜೂಕಾಗಿ ತಿರುಗಿಸಿ ಬಿಡಿಸುವುದಕ್ಕೆ, ಇನ್ನೊಂದು ಬಲ ಹಾಕುವುದಕ್ಕೆ. ಕೊಂಬೆಗೆ ಜೋತುಬಿದ್ದವನಿಗೆ ಹಿಡಿದ ಕೈಯೇ ಜೀವ ಅಲ್ಲವೇ? ದೇಹದ ಭಂಗಿಗೂ ಕೈಯ ಒಲವಿಗೂ ನಂಟಿದೆ ಎಂದು ಮ್ಯಾಕ್‌ನೀಲೇಜ್ ಮತ್ತು ಜೊತೆಗಾರರು 1987ರಲ್ಲಿ ಹೇಳಿದ್ದರು. ಮರದಲ್ಲಿ ಬಾಳಿದ ಪೂರ್ವಜರಲ್ಲಿ ಒಂದು ಕೈ ಆಸರೆಗೆ ನಿಂತದ್ದರಿಂದ ಇನ್ನೊಂದು ಆಹಾರಕ್ಕೆ ಚಾಚುವುದಾಯಿತು ಎಂಬುದು ಅವರ ವಾದ.

"ಚಾರ್ಮಾಡಿ ಘಾಟಿಯಲ್ಲಿ ಬಿಸ್ಕತ್ತು ಎಸೆದು ನೋಡಿದೆವು, ಎಲ್ಲಾ ಬಲಗೈಯವೇ" ಎಂದು ಮೊನ್ನೆ ಒಬ್ಬರು ಹೇಳಿದರು. ದಯವಿಟ್ಟು ಎಸೆಯಬೇಡಿ. ಬಿಸ್ಕತ್ತಿನ ಆಸೆಗೆ ರಸ್ತೆಗಿಳಿದವು ಗಾಡಿಯಡಿ ಸಿಗುತ್ತವೆ. ಕೈಯ ವಿಷಯವೂ ನಿಮಗೆ ತಿಳಿಯುವುದಿಲ್ಲ. ಬಿಸ್ಕತ್ತು ಬಿದ್ದ ಕಡೆಯ ಕೈ ಮುಂದೆ ಬಂದಿರುತ್ತದೆ, ಅಷ್ಟೆ. ದೂರ ಕೂತು, ಅದು ತಾನೇ ಹುಡುಕಿದ ಹಣ್ಣು ಸುಲಿಯುವವರೆಗೆ ಕಾಯಿರಿ.