ಕತೆ ತಿಳಿದ ಮೇಲೆ ಕಾದಂಬರಿಯಲ್ಲಿ ಇನ್ನೇನು ನೋಡಬೇಕು?

ರಾಯಚೂರಿನಲ್ಲಿ ಪದವಿ ತರಗತಿಗಳಿಗೆ ಕನ್ನಡ ಕಲಿಸುವ ನನ್ನನ್ನು ಪ್ರತಿ ವರ್ಷವೂ ಮಕ್ಕಳು ಕೇಳುವುದು ಒಂದೇ ಪ್ರಶ್ನೆ: "ಕತಿ ಗೊತ್ತಾಗ್ತದ್ರೀ ಸರ್, ಅದರ ಮ್ಯಾಲ ಏನ್ ಬರೀಬೇಕು ಅನ್ನೋದ ತಿಳಿವಲ್ದು." ಕತೆ ತಿಳಿದ ಮೇಲೆ ಮತ್ತೊಮ್ಮೆ ಓದಬೇಕು, ಆ ಎರಡನೆಯ ಓದಿನಲ್ಲಿ ಯಾವ ಸಂಗತಿ ಯಾರಿಗೆ ಯಾವಾಗ ತಿಳಿಯುತ್ತದೆ ಎಂಬುದನ್ನು ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತಿಸಿಕೊಳ್ಳಬೇಕು ಎಂಬುದು ನನ್ನ ಉತ್ತರ. ವಸ್ತು, ಪಾತ್ರ, ಶೈಲಿ ಎಂಬ ಗೈಡಿನ ತಲೆಬರಹಗಳಿಂದ ಆರಂಭಿಸಿದರೆ ಯಾವ ಕಾದಂಬರಿಗಾದರೂ ಹೊಂದಿಬಿಡುವ ಉತ್ತರವೇ ಸಿಗುತ್ತದೆ.

1965ರಲ್ಲಿ ಪ್ರಕಟವಾದ ಯು.ಆರ್. ಅನಂತಮೂರ್ತಿಯವರ 'ಸಂಸ್ಕಾರ'ವನ್ನೇ ನೋಡಿ. ಮಲೆನಾಡಿನ ದೂರ್ವಾಸಪುರವೆಂಬ ಅಗ್ರಹಾರದಲ್ಲಿ, ಆಚಾರ ಬಿಟ್ಟು ಬದುಕಿದ್ದ ನಾರಣಪ್ಪ ಸಾಯುತ್ತಾನೆ. ಅವನ ಸಂಸ್ಕಾರ ಯಾರು ಮಾಡಬೇಕೆಂಬುದು ಇತ್ಯರ್ಥವಾಗುವುದಿಲ್ಲ, ಹೆಣ ಬಿದ್ದಿರುವ ತನಕ ಬ್ರಾಹ್ಮಣರು ಉಣ್ಣುವಂತೆಯೂ ಇಲ್ಲ. ನಮ್ಮ ಕಡೆಯ ಹಳ್ಳಿಗಳಲ್ಲಿಯೂ ಹೆಣ ಎತ್ತುವ ತನಕ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಆದ್ದರಿಂದ ಅಡಿಕೆ ತೋಟವನ್ನೇ ಕಾಣದ ಎರೆಸೀಮೆಯ ವಿದ್ಯಾರ್ಥಿಗೂ, ಅಲ್ಲಿನ ಧರ್ಮಶಾಸ್ತ್ರದ ಚರ್ಚೆಯ ಬೆನ್ನಿಗೆ ಹಸಿವು ನಿಂತಿದೆ ಎಂಬುದು ಬೇಗ ಹೊಳೆಯುತ್ತದೆ. ಓದುಗನು ತನ್ನ ಊರಿನ ಅನುಭವವನ್ನು ಬದಿಗಿಟ್ಟು ಓದಬೇಕೆಂಬ ಮಾತನ್ನು ನಾನು ಒಪ್ಪುವುದಿಲ್ಲ.

ಇನ್ನು ತಿಳಿವಿನ ಲೆಕ್ಕ. ಶಿವಮೊಗ್ಗದಿಂದ ಮರಳಿದ ನಾರಣಪ್ಪನಿಗೆ ಜ್ವರ ಬಂದಿತ್ತು, ಗಡ್ಡೆ ಎದ್ದಿತ್ತು. ಆಮೇಲೆ ಇಲಿಗಳು ಸಾಯುತ್ತವೆ, ಹದ್ದುಗಳು ಮಾಡಿನ ಮೇಲೆ ಬಂದು ಕೂರುತ್ತವೆ. ಅಗ್ರಹಾರದವರು ಇದನ್ನು ಅಪಶಕುನವೆಂದು ಹೆದರುತ್ತಿರುವಾಗಲೇ ಓದುಗನಿಗೆ ಪ್ಲೇಗಿನ ಅನುಮಾನ ಬಂದಿರುತ್ತದೆ. ಅದಕ್ಕಿಂತ ದೊಡ್ಡ ಸಂಗತಿಯೆಂದರೆ, ನಾರಣಪ್ಪನ ಸಂಗಾತಿಯಾಗಿದ್ದ ಚಂದ್ರಿಯು ಮುಸಲ್ಮಾನನೊಬ್ಬನ ನೆರವು ಪಡೆದು ರಾತ್ರೋರಾತ್ರಿ ಶವವನ್ನು ಸುಟ್ಟು ಊರು ಬಿಟ್ಟು ಹೋಗುತ್ತಾಳೆ. ನಮಗಿದು ಗೊತ್ತು, ಬ್ರಾಹ್ಮಣರಿಗೆ ಗೊತ್ತಿಲ್ಲ. ಪರಿಹಾರವನ್ನು ಹುಡುಕುತ್ತ ಅವರು ಮಠದ ದಾರಿ ಹಿಡಿಯುತ್ತಾರೆ.

ಈ ಅಂತರವನ್ನು ಕಾದಂಬರಿಕಾರರು ಬೇಕೆಂದೇ ಇಟ್ಟಿದ್ದಾರೆ ಎಂಬುದು ನನ್ನ ನಂಬಿಕೆ. ಚಂದ್ರಿಯ ಕೆಲಸ ನಮಗೂ ಕೊನೆಯಲ್ಲಿ ತಿಳಿದಿದ್ದರೆ ಅದೊಂದು ಪತ್ತೇದಾರಿ ತಿರುವಾಗುತ್ತಿತ್ತು. ಮೊದಲೇ ತಿಳಿದಿರುವುದರಿಂದ, ಇಲ್ಲದ ಹೆಣಕ್ಕಾಗಿ ನಡೆಯುವ ವಾದವನ್ನೂ ಪ್ರಯಾಣವನ್ನೂ ನಾವು ಮರುಕದಿಂದ ನೋಡುತ್ತೇವೆ. ಕಳೆದ ವರ್ಷ ನನ್ನ ವಿದ್ಯಾರ್ಥಿನಿಯೊಬ್ಬಳು ತನ್ನ ಪ್ರಬಂಧವನ್ನು ಹೀಗೆ ಆರಂಭಿಸಿದ್ದಳು: "ಪಂಡಿತರೆಲ್ಲ ಗ್ರಂಥ ತಿರುವಿ ಹಾಕಿದರೂ ಬಗೆಹರಿಯದ ಕೆಲಸವನ್ನು ಯಾರನ್ನೂ ಕೇಳದೆ ಮಾಡಿದ ಚಂದ್ರಿ, ಅದನ್ನು ಯಾರಿಗೂ ಹೇಳದೆ ಏಕೆ ಹೋದಳು?" ಅವಳು ಎಂಟು ಪುಟ ಬರೆದಳು, ಅದರಲ್ಲಿ ಗೈಡಿನ ಒಂದು ವಾಕ್ಯವೂ ಇರಲಿಲ್ಲ.