ಕ್ರಿಸ್ಟಲ್ ಮಾಲ್ಟ್ ಬದಲಿಗೆ ಏನು ಹಾಕಲಿ?

ಪುಣೆಯ ಒಂದು ಸಣ್ಣ ಬಿಯರ್ ಘಟಕದಲ್ಲಿ ನನ್ನ ಕೆಲಸ. ಹಾಗಾಗಿ ಮನೆಯಲ್ಲಿ ಬಿಯರ್ ಮಾಡಲು ಹೊರಟ ಕನ್ನಡಿಗರೆಲ್ಲ ನನಗೇ ಫೋನು ಮಾಡುತ್ತಾರೆ. ಮಾಲ್ಟ್ ಎಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ; ಅದರಲ್ಲೊಂದು ಬಗೆ ಕ್ರಿಸ್ಟಲ್. ರೆಸಿಪಿಯಲ್ಲಿರುವ ಕ್ರಿಸ್ಟಲ್ ಮಾಲ್ಟ್ ಸಿಗುತ್ತಿಲ್ಲ, ಬದಲಿಗೆ ಏನು ಹಾಕಲಿ? ಯಾವ ಬಿಯರ್, ಎಷ್ಟು ಲೀಟರ್ ಎಂದು ಹೇಳುವುದೇ ಇಲ್ಲ. ಹೇಳದವರಿಗೆ ಇನ್ನು ಮುಂದೆ ನನ್ನಿಂದ ಉತ್ತರವಿಲ್ಲ.

ಪೇಲ್ ಏಲ್ ಎಂಬ ತಿಳಿ ಬಣ್ಣದ ಬಿಯರ್ ಮಾಡಲು ಹೊರಟಿದ್ದ ಒಬ್ಬರು ಇಲ್ಲೇ ಪುಣೆಯ ಕೋಥರೂಡಿನಿಂದ ಕರೆ ಮಾಡಿದ್ದರು. “ಸರ್, ಒಲೆಯ ಮೇಲೆ ನೀರು ಕಾದಿದೆ, ಬೇಗ ಹೇಳಿ. ಪೇಲ್ ಏಲ್‌ಗೆ ಕ್ರಿಸ್ಟಲ್ 60 ಮುನ್ನೂರು ಗ್ರಾಂ ಬೇಕಿತ್ತು. ಚಾಕೊಲೇಟ್ ಮಾಲ್ಟ್ ಐವತ್ತು ಗ್ರಾಂ ಹಾಕಿದರೆ ಬಣ್ಣ ಅಷ್ಟೇ ಬರುತ್ತದೆ, ಅಲ್ಲವೇ?”

ಲೆಕ್ಕ ಸರಿಯಾಗಿಯೇ ಇತ್ತು. 60 ಎಂಬುದು ಲೊವಿಬಾಂಡ್ ಅಳತೆಯಲ್ಲಿ ಬಣ್ಣದ ಸಂಖ್ಯೆ. ಚಾಕೊಲೇಟ್ ಮಾಲ್ಟ್‌ನದು ಸುಮಾರು 350. ತೂಕದಿಂದ ಗುಣಿಸಿದರೆ ಎರಡೂ ಹೆಚ್ಚುಕಡಿಮೆ ಒಂದೇ. ಆದರೆ ರುಚಿಯ ಗತಿಯೇನು? ಎರಡನ್ನೂ ಅಗಿದು ನೋಡಿದವರು ಹೀಗೆ ಕೇಳುವುದಿಲ್ಲ. ಕ್ರಿಸ್ಟಲ್ ಕಾಳು ಹಲ್ಲಿಗೆ ಕಟಕ್ಕೆಂದು ಮುರಿದು ಸಿಹಿ ಬಿಡುತ್ತದೆ. ಚಾಕೊಲೇಟ್ ಕಾಳು ಪುಡಿಪುಡಿಯಾಗಿ ನಾಲಿಗೆಗೆ ಕಾಫಿಯ ಕಹಿ ಮೆತ್ತುತ್ತದೆ. ಕ್ರಿಸ್ಟಲ್ ಮಾಡುವಾಗ ಒದ್ದೆ ಮಾಲ್ಟನ್ನು 65ರಿಂದ 70 ಡಿಗ್ರಿಯಲ್ಲಿ ಇಟ್ಟು, ಪಿಷ್ಟವೆಲ್ಲ ಸಿಪ್ಪೆಯೊಳಗೇ ಸಕ್ಕರೆಯಾದ ಮೇಲೆ ಹುರಿಯುತ್ತಾರೆ. ಆ ಸಕ್ಕರೆಯಲ್ಲಿ ಒಂದಷ್ಟನ್ನು ಯೀಸ್ಟ್ ತಿನ್ನಲಾರದು. ಬಿಯರಿಗೆ ಸಿಹಿಯೂ ಬಾಯಲ್ಲಿ ದಪ್ಪವೆನಿಸುವ ಮೈಯೂ ಬರುವುದು ಅದರಿಂದ. ಚಾಕೊಲೇಟ್ ಮಾಲ್ಟ್ ಒಣ ಮಾಲ್ಟನ್ನೇ 200 ಡಿಗ್ರಿ ದಾಟಿಸಿ ಹುರಿದದ್ದು. ಬಾಣಲೆಯಲ್ಲಿ ತಿಳಿ ಬಣ್ಣದ ಪೇಲ್ ಮಾಲ್ಟ್ ಹುರಿದುಕೊಳ್ಳಲೇ ಎನ್ನುವವರಿಗೂ ಇದೇ ಉತ್ತರ: ಬಿಸ್ಕತ್ತಿನ ಘಮ ಬರುತ್ತದೆ, ಆ ಸಿಹಿ ಬರುವುದಿಲ್ಲ.

ಕ್ರಿಸ್ಟಲ್ 40 ಮತ್ತು 80 ಇದ್ದರೆ ಅರ್ಧರ್ಧ ಹಾಕಿ, ಹತ್ತಿರ ಬರುತ್ತದೆ. ಮ್ಯೂನಿಕ್ ಮಾಲ್ಟ್ ಇದ್ದರೆ ಅದೂ ಆದೀತು, ಆದರೆ ಅದರಲ್ಲಿ ಪಿಷ್ಟ ಇನ್ನೂ ಪಿಷ್ಟವಾಗಿಯೇ ಇರುತ್ತದೆ. ಸುಮಾರು 67 ಡಿಗ್ರಿ ನೀರಿನಲ್ಲಿ ಒಂದು ಗಂಟೆ ಮ್ಯಾಶ್ ಮಾಡಲೇಬೇಕು, ಅಂದರೆ ಪಿಷ್ಟ ಸಕ್ಕರೆಯಾಗುವಂತೆ ನೆನೆಸಿಡಬೇಕು; ಚೀಲದಲ್ಲಿ ಕಟ್ಟಿ ಅದ್ದಿ ತೆಗೆದರೆ ಸಾಲದು. ಎರಡೂ ಇಲ್ಲವೇ? ಬಿಟ್ಟುಬಿಡಿ. ಕೋಥರೂಡಿನವರಿಗೂ ಅದನ್ನೇ ಹೇಳಿದೆ. ಬಣ್ಣ ತಿಳಿಯಾದೀತು, ಸಿಹಿ ತಗ್ಗೀತು, ಆದರೂ ಅದು ಒಳ್ಳೆಯ ಪೇಲ್ ಏಲೇ.

ಈ ಬಿಯರಿನಲ್ಲಿ ಆ ಮಾಲ್ಟಿನ ಕೆಲಸವೇನು ಎಂದು ಒಬ್ಬರಾದರೂ ಕೇಳಬಾರದೇ? ಕೇಳಿದರೆ ಎಷ್ಟು ಹೊತ್ತಾದರೂ ಮಾತಾಡುತ್ತೇನೆ. 1817ರಲ್ಲಿ ಡೇನಿಯಲ್ ವೀಲರ್ ಕಪ್ಪು ಮಾಲ್ಟ್ ಹುರಿಯುವ ಯಂತ್ರಕ್ಕೆ ಪೇಟೆಂಟ್ ಪಡೆದ ಮೇಲೆ ಪೋರ್ಟರ್ ಎಂಬ ಕಡುಬಣ್ಣದ ಬಿಯರ್ ಮಾಡುವವರು ಪೇಲ್ ಮಾಲ್ಟಿಗೇ ಒಂದು ಚೂರು ಕಪ್ಪು ಮಾಲ್ಟ್ ಬೆರೆಸಿ ಬಣ್ಣ ತಂದುಕೊಂಡರು. ಅಲ್ಲಿ ಬೇಕಾದದ್ದು ಬಣ್ಣ. ನಿಮ್ಮ ರೆಸಿಪಿಯಲ್ಲೂ ಬಣ್ಣಕ್ಕೆಂದೇ ಹಾಕಿದ ಮಾಲ್ಟಾದರೆ ಲೊವಿಬಾಂಡ್ ಲೆಕ್ಕ ಹಿಡಿದು ಧಾರಾಳವಾಗಿ ಬದಲಾಯಿಸಿ. ಸಿಹಿಗೆಂದು ಹಾಕಿದ್ದಾದರೆ ಆ ಲೆಕ್ಕವನ್ನು ಪಕ್ಕಕ್ಕಿಡಿ.